ಓವರ್‌ಕ್ಲಾಕ್ ಮಾಡಿದ ಮೆಮೊರಿ ಕೈಕೊಟ್ಟಾಗ: ಡಿಡಿಆರ್4 ಕಂಪ್ಯೂಟರ್‌ನಲ್ಲಿ ದೋಷ ಪತ್ತೆಯ ಕ್ರಮ

ಎಎಂ4 ಸಾಕೆಟ್‌ನ ಮದರ್‌ಬೋರ್ಡ್, ರೈಝೆನ್ 3000 ಅಥವಾ 5000 ಸರಣಿಯ ಪ್ರೊಸೆಸರ್ ಮತ್ತು ಎರಡು ಡಿಡಿಆರ್4 ಸ್ಟಿಕ್‌ಗಳಿರುವ ಕಂಪ್ಯೂಟರ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಮೆಮೊರಿಯ ವೇಗ ಹೆಚ್ಚಿಸುವುದು, ಅಂದರೆ ಓವರ್‌ಕ್ಲಾಕ್ ಮಾಡುವುದು, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಐದು ನಿಮಿಷದ ಕೆಲಸ. ಹೆಚ್ಚಿಸಿದ ಮೇಲೆ ತಲೆದೋರುವ ತೊಂದರೆ ಎಲ್ಲಿಂದ ಬಂತೆಂದು ಹೇಳಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಮೆಮೊರಿ ಚಿಪ್‌ನ ದೋಷ, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮತ್ತು ಫ್ಯಾಬ್ರಿಕ್‌ನ (ಪ್ರೊಸೆಸರ್‌ನ ಭಾಗಗಳನ್ನು ಬೆಸೆಯುವ ಜಾಲದ) ದೋಷ, ಪ್ರೊಸೆಸರ್ ಕೋರ್‌ಗಳ ದೋಷ, ಶಾಖದಿಂದಾಗುವ ದೋಷ, ಈ ನಾಲ್ಕೂ ಪರದೆಯ ಮೇಲೆ ಬಹುಮಟ್ಟಿಗೆ ಒಂದೇ ವೇಷದಲ್ಲಿ ಬರುವುದೇ ಇದಕ್ಕೆ ಕಾರಣ. ಟೈಮಿಂಗ್‌ಗಳಿಗೆ (ಮೆಮೊರಿಯ ಕೆಲಸಗಳ ನಡುವೆ ಕಾಯಬೇಕಾದ ಗಡಿಯಾರ ಬಡಿತಗಳ ಎಣಿಕೆಗಳಿಗೆ) ಕೈ ಹಾಕುವ ಮೊದಲು ಈ ನಾಲ್ಕರಲ್ಲಿ ಯಾವುದು ಎಂದು ಬೇರ್ಪಡಿಸಿಕೊಳ್ಳದೆ ಹೋದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಲಕ್ಷಣಗಳು

ನೀಲಿ ಪರದೆ ಬಂದು ಕಂಪ್ಯೂಟರ್ ಮರುಚಾಲನೆಗೊಳ್ಳುವುದು ಎಲ್ಲರಿಗೂ ಗೊತ್ತಿರುವ ಲಕ್ಷಣ. ಅದರಲ್ಲಿ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಮೆಮೊರಿಯ ಮೇಲೆ ಅನುಮಾನ ಬರುವುದು ಸಹಜ. ಆದರೆ ಆ ಸಂದೇಶವೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ, ಏಕೆಂದರೆ ಡ್ರೈವರ್‌ನ ದೋಷದಿಂದಲೂ ಅದೇ ಸಂದೇಶ ಬರುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ನಂಬಬಹುದಾದವು ಸಣ್ಣಪುಟ್ಟ ಲಕ್ಷಣಗಳು: ಬ್ರೌಸರ್‌ನ ಒಂದು ಟ್ಯಾಬ್ ಮಾತ್ರ ಕಾರಣವಿಲ್ಲದೆ ಕುಸಿಯುವುದು, ನಿನ್ನೆ ಸರಿಯಾಗಿ ತೆರೆದ ಜಿಪ್ ಫೈಲ್ ಇಂದು ಸಿಆರ್‌ಸಿ ದೋಷವೆಂದು (ದತ್ತಾಂಶ ತಾಳೆಯಾಗುತ್ತಿಲ್ಲವೆಂದು) ಹೇಳುವುದು, ಆಟವೊಂದರ ಫೈಲ್‌ಗಳನ್ನು ಪರಿಶೀಲಿಸಿದಾಗಲೆಲ್ಲ ಬೇರೆ ಬೇರೆ ಫೈಲ್ ಕೆಟ್ಟಿದೆ ಎಂದು ತೋರಿಸುವುದು.

ಈ ಕೊನೆಯ ಎರಡು ಲಕ್ಷಣಗಳು ಕಂಡರೆ ಓವರ್‌ಕ್ಲಾಕ್ ಅನ್ನು ಆ ಕ್ಷಣವೇ ತೆಗೆದುಹಾಕಬೇಕು. ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಬಳಸುವ ಡಿಡಿಆರ್4 ಸ್ಟಿಕ್‌ಗಳಲ್ಲಿ ಇಸಿಸಿ (ದೋಷವನ್ನು ಕಂಡುಹಿಡಿದು ತಿದ್ದುವ ವ್ಯವಸ್ಥೆ) ಇರುವುದಿಲ್ಲವಾದ್ದರಿಂದ ಒಂದು ಬಿಟ್ ತಲೆಕೆಳಗಾದರೂ ತಿದ್ದುವವರು, ಕೊನೆಗೆ ಎಚ್ಚರಿಸುವವರೂ ಇರುವುದಿಲ್ಲ. ತಪ್ಪಾದ ಬಿಟ್ ಹಾಗೆಯೇ ಡಿಸ್ಕ್‌ಗೆ ಬರೆಯಲ್ಪಡುತ್ತದೆ, ಬ್ಯಾಕಪ್ ತೆಗೆದರೆ ಆ ಬ್ಯಾಕಪ್‌ನಲ್ಲಿಯೂ ಸೇರಿಕೊಳ್ಳುತ್ತದೆ. ಮೊದಲಿಗೆ ಮುಖ್ಯವಾದ ಫೋಟೋ ಮತ್ತು ದಾಖಲೆಗಳ ಪ್ರತಿಯೊಂದನ್ನು ಓವರ್‌ಕ್ಲಾಕ್ ಇಲ್ಲದ ಸ್ಥಿತಿಯಲ್ಲಿ ಹೊರಗಿನ ಡಿಸ್ಕ್‌ಗೆ ತೆಗೆದು, ಆ ಡಿಸ್ಕ್ ಅನ್ನು ಕಳಚಿ ಪಕ್ಕಕ್ಕಿಟ್ಟು, ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕಬೇಕು.

ನೆಲಮಟ್ಟವನ್ನು ಗೊತ್ತುಮಾಡಿಕೊಳ್ಳುವುದು

ಬಯಾಸ್‌ನಲ್ಲಿ ಎಲ್ಲವನ್ನೂ ಮೂಲ ಸ್ಥಿತಿಗೆ ತಂದು, ಅಂದರೆ ಎಕ್ಸ್‌ಎಂಪಿಯನ್ನೂ (ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಮೌಲ್ಯಗಳನ್ನು) ಆಫ್ ಮಾಡಿ, ಮೆಮೊರಿಯು ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ನಿಗದಿಪಡಿಸಿದ ವೇಗದಲ್ಲಿ ಮತ್ತು 1.2 ವೋಲ್ಟ್‌ನಲ್ಲಿ ಓಡುವಂತೆ ಮಾಡುವುದು ಮೊದಲ ಹೆಜ್ಜೆ. ಪ್ರೊಸೆಸರ್‌ಗೆ ಕರ್ವ್ ಆಪ್ಟಿಮೈಸರ್ (ಕೋರ್‌ಗಳ ವೋಲ್ಟೇಜ್ ಇಳಿಸುವ ಸೌಲಭ್ಯ) ಅಥವಾ ಬೇರೆ ಯಾವುದೇ ಟ್ಯೂನಿಂಗ್ ಮಾಡಿದ್ದರೆ ಅದನ್ನೂ ತೆಗೆಯಬೇಕು. ಈ ಸ್ಥಿತಿಯಲ್ಲಿ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅದರ ಉಚಿತ ಆವೃತ್ತಿ ಅನುಮತಿಸುವ 4 ಸುತ್ತುಗಳನ್ನು ಪೂರ್ತಿ ಓಡಿಸಬೇಕು. ಪೆನ್‌ಡ್ರೈವ್‌ನಿಂದಲೇ ಓಡಿಸುವುದರಲ್ಲಿ ಒಂದು ಲಾಭವಿದೆ: ಮೆಮೊರಿ ಕೆಟ್ಟಿದ್ದರೂ ವಿಂಡೋಸ್‌ಗೆ ಹಾನಿಯಾಗುವುದಿಲ್ಲ.

ಇಲ್ಲಿ ಒಂದೇ ಒಂದು ದೋಷ ಕಂಡರೂ ಅದು ಟ್ಯೂನಿಂಗ್‌ನ ಸಮಸ್ಯೆಯಲ್ಲ. ಒಂದೊಂದೇ ಸ್ಟಿಕ್ ಅನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿದರೆ, ದೋಷವು ಸ್ಟಿಕ್‌ನ ಜೊತೆ ಹೋಗುತ್ತದೆಯೋ ಸ್ಲಾಟ್‌ನಲ್ಲೇ ಉಳಿಯುತ್ತದೆಯೋ ತಿಳಿಯುತ್ತದೆ. ದೋಷದ ವಿಳಾಸ (ಮೆಮೊರಿಯಲ್ಲಿ ಅದು ಕಂಡ ಜಾಗ) ಪ್ರತಿ ಸಲವೂ ಒಂದೇ ಆಗಿದ್ದರೆ ಸ್ಟಿಕ್ ಕೆಟ್ಟಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಿ ವಾರಂಟಿಗೆ ಕಳಿಸಬಹುದು. ರಿಪೇರಿ ಅಂಗಡಿಗಳಲ್ಲಿ ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಮತ್ತೆ ಹಾಕುವ ರೂಢಿಯಿದೆ. ಕೆಲವು ಸಲ ಅದು ಕೆಲಸ ಮಾಡುತ್ತದೆ ನಿಜ, ಆದರೆ ರಬ್ಬರ್‌ನ ಚೂರುಗಳು ಸ್ಲಾಟ್‌ಗೆ ಬಿದ್ದರೆ ಹೊಸ ತೊಂದರೆ ಹುಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯೇ ಮೇಲು.

ಸ್ಲಾಟ್‌ಗಳ ವಿಷಯವನ್ನೂ ಇಲ್ಲಿಯೇ ಮುಗಿಸಿಕೊಳ್ಳಬೇಕು. ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡ್‌ನಲ್ಲಿ ಎರಡೇ ಸ್ಟಿಕ್‌ಗಳಿದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಇರಬೇಕು. ಡೈಸಿ ಚೈನ್ ವಿನ್ಯಾಸದ ಬೋರ್ಡ್‌ನಲ್ಲಿ ಮೊದಲ ಮತ್ತು ಮೂರನೆಯ ಸ್ಲಾಟ್‌ಗೆ ಹಾಕಿದರೆ, ಅವುಗಳಾಚೆಗೆ ಖಾಲಿ ಸ್ಲಾಟ್‌ನವರೆಗೆ ಚಾಚಿಕೊಂಡಿರುವ ತಾಮ್ರದ ಗೆರೆಯ ತುದಿಯಿಂದ ಸಂಕೇತ ಪ್ರತಿಫಲಿಸಿ ಹಿಂದಿರುಗುತ್ತದೆ. ಕಡಿಮೆ ವೇಗದಲ್ಲಿ ಗೊತ್ತಾಗದ ಈ ಗೊಂದಲ ವೇಗ ಹೆಚ್ಚಿದಂತೆ ದೋಷವಾಗಿ ಹೊರಬೀಳುತ್ತದೆ.

ಎಕ್ಸ್‌ಎಂಪಿ ಮಾತ್ರ ಹಾಕಿದಾಗ

ನೆಲಮಟ್ಟದಲ್ಲಿ ಎಲ್ಲ ಸರಿಯಿದ್ದರೆ ಎಕ್ಸ್‌ಎಂಪಿಯನ್ನು ಹಾಕಿ, ಬೇರೇನನ್ನೂ ಮುಟ್ಟದೆ, ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ‘ಎಕ್ಸ್‌ಎಂಪಿ ಎಂದರೆ ಕಂಪನಿಯೇ ಭರವಸೆ ಕೊಟ್ಟದ್ದಲ್ಲವೇ, ಅದರಲ್ಲಿ ತಪ್ಪೇಕೆ ಬರಬೇಕು’ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಭರವಸೆ ಇರುವುದು ಸ್ಟಿಕ್‌ನ ಬಗ್ಗೆ. ಆ ವೇಗವನ್ನು ನಿಭಾಯಿಸಬೇಕಾದ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗಿದೆ. ರೈಝೆನ್ 3000 ಮತ್ತು 5000 ಸರಣಿಗಳ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳಿರುವ ಗರಿಷ್ಠ ವೇಗ 3200. ಪೆಟ್ಟಿಗೆಯ ಮೇಲೆ 3600 ಎಂದು ಬರೆದಿರುವ ಸ್ಟಿಕ್ ಅನ್ನು ಎಕ್ಸ್‌ಎಂಪಿಯಲ್ಲಿ ಓಡಿಸುವುದೂ ಕಂಟ್ರೋಲರ್‌ನ ಮಟ್ಟಿಗೆ ಓವರ್‌ಕ್ಲಾಕ್ ಎಂದೇ ಲೆಕ್ಕ. ಹೆಚ್ಚಿನ ಪ್ರೊಸೆಸರ್‌ಗಳು 3600 ಅನ್ನು ನಿರಾಯಾಸವಾಗಿ ನಡೆಸುತ್ತವೆ ಎಂಬುದು ಬೇರೆ ಮಾತು.

ಇದೇ ಹಂತದಲ್ಲಿ ಬಯಾಸ್‌ನ ಆವೃತ್ತಿಯನ್ನು ನೋಡಬೇಕು. ಹಳೆಯ ಬಯಾಸ್‌ನಲ್ಲಿ ಬೂಟ್ ಆಗದ ಸ್ಟಿಕ್‌ಗಳು ಹೊಸದರಲ್ಲಿ ಏನೂ ಮಾಡದೆಯೇ ಓಡಿದ ಉದಾಹರಣೆಗಳು ಎಎಂ4 ಲೋಕದಲ್ಲಿ ಬೇಕಾದಷ್ಟಿವೆ.

ಫ್ಯಾಬ್ರಿಕ್ ಮತ್ತು ಮೆಮೊರಿಯನ್ನು ಬೇರ್ಪಡಿಸುವುದು

ರೈಝೆನ್‌ನಲ್ಲಿ ಮೂರು ಗಡಿಯಾರಗಳು ಜೊತೆಜೊತೆಯಾಗಿ ನಡೆಯುತ್ತವೆ: ಮೆಮೊರಿಯದು ಎಂಸಿಎಲ್‌ಕೆ, ಮೆಮೊರಿ ಕಂಟ್ರೋಲರ್‌ನದು ಯುಸಿಎಲ್‌ಕೆ, ಪ್ರೊಸೆಸರ್‌ನ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್‌ನದು ಎಫ್‌ಸಿಎಲ್‌ಕೆ. ಡಿಡಿಆರ್ ಮೆಮೊರಿ ಒಂದು ಗಡಿಯಾರ ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆಯಾದ್ದರಿಂದ, 3600 ಎಂದು ಕರೆಯುವ ಮೆಮೊರಿಯ ನಿಜವಾದ ಗಡಿಯಾರ 1800 ಮೆಗಾಹರ್ಟ್ಸ್. ಮೂರೂ 1800ರಲ್ಲಿ ಓಡಿದಾಗ ವಿಳಂಬ ಅತ್ಯಂತ ಕಡಿಮೆ. 3800ಕ್ಕೆ ಏರಿಸಿದರೆ ಫ್ಯಾಬ್ರಿಕ್ ಕೂಡ 1900ಕ್ಕೆ ಏರಬೇಕು. ಎಲ್ಲ ಪ್ರೊಸೆಸರ್‌ಗಳೂ ಅದಕ್ಕೆ ಒಪ್ಪುವುದಿಲ್ಲ. ವಿಚಿತ್ರವೆಂದರೆ 1900ರಲ್ಲಿ ಬೂಟ್ ಆಗದ ಕೆಲವು ಪ್ರೊಸೆಸರ್‌ಗಳು 1933ರಲ್ಲಿ ಬೂಟ್ ಆಗುತ್ತವೆ.

ಈ ಕಾರಣದಿಂದ, 3800ರಲ್ಲಿ ದೋಷ ಬಂದಾಗ ಮೆಮೊರಿಯ ಟೈಮಿಂಗ್‌ಗಳನ್ನು ಸಡಿಲಿಸುತ್ತಾ ಕೂರುವುದು ವ್ಯರ್ಥ ಶ್ರಮವಾಗಬಹುದು. ಮಾಡಬೇಕಾದದ್ದು ಹೀಗೆ: ಮೊದಲು ಮೆಮೊರಿಯನ್ನು 3200ಕ್ಕೆ ಇಳಿಸಿ, ಟೈಮಿಂಗ್‌ಗಳನ್ನು ಆಟೋದಲ್ಲಿ ಬಿಟ್ಟು, ಎಫ್‌ಸಿಎಲ್‌ಕೆಯನ್ನು ಮಾತ್ರ 1900ಕ್ಕೆ ಇಟ್ಟು ಒಂದೆರಡು ದಿನ ಬಳಸಬೇಕು. ಬಳಿಕ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ-ಲಾಗರ್’ (WHEA-Logger) ಹೆಸರಿನ ನಮೂದುಗಳಿವೆಯೇ ಎಂದು ನೋಡಬೇಕು. 19ನೇ ಸಂಖ್ಯೆಯ ನಮೂದುಗಳು, ಅದರಲ್ಲೂ ಬಸ್ ಅಥವಾ ಇಂಟರ್‌ಕನೆಕ್ಟ್ ದೋಷವೆಂದು ಹೇಳುವವು, ಸಾಲುಸಾಲಾಗಿ ಕಂಡರೆ ಫ್ಯಾಬ್ರಿಕ್ ಆ ವೇಗವನ್ನು ತಾಳುತ್ತಿಲ್ಲ ಎಂದರ್ಥ, ಮೆಮೊರಿ ನಿರಪರಾಧಿ. ಅವು ತಾನಾಗಿ ಸರಿಪಡಿಸಿಕೊಂಡ ದೋಷಗಳಾದ್ದರಿಂದ ಕಂಪ್ಯೂಟರ್ ನಿಲ್ಲುವುದಿಲ್ಲ, ಮೆಮ್‌ಟೆಸ್ಟ್‌ನಲ್ಲೂ ಕಾಣಿಸುವುದಿಲ್ಲ. ಆದರೆ ಆಡಿಯೊದಲ್ಲಿ ಚಟಚಟ ಸದ್ದು, ಯುಎಸ್‌ಬಿ ಸಾಧನ ಕ್ಷಣಕಾಲ ಕಡಿದುಹೋಗುವುದು ಇಂಥವು ಅವುಗಳ ಜೊತೆಗೆ ಬರುವುದುಂಟು.

ಪರಿಹಾರವಾಗಿ, ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ ಅನ್ನು 1.1 ವೋಲ್ಟ್‌ನ ಸುತ್ತಮುತ್ತ ಚಿಕ್ಕ ಹೆಜ್ಜೆಗಳಲ್ಲಿ ಹೆಚ್ಚಿಸಿ ನೋಡಬಹುದು; 1.2 ವೋಲ್ಟ್ ದಾಟಿಸುವುದನ್ನು ನಾನು ಒಪ್ಪುವುದಿಲ್ಲ. ಫ್ಯಾಬ್ರಿಕ್‌ಗೆ ಹೋಗುವ ವಿಡಿಡಿಜಿ ವೋಲ್ಟೇಜ್ ಎಸ್‌ಒಸಿ ವೋಲ್ಟೇಜ್‌ನಿಂದಲೇ ಹುಟ್ಟುವುದರಿಂದ ಅದು ಇದಕ್ಕಿಂತ ಕನಿಷ್ಠ 40 ಮಿಲಿವೋಲ್ಟ್ ಕಡಿಮೆ ಇರಬೇಕೆಂಬುದನ್ನು ಮರೆಯಬಾರದು. ಎರಡನ್ನೂ ಸಮವಾಗಿಟ್ಟು, ಹೆಚ್ಚಿಸಿದರೂ ಫಲ ಸಿಗಲಿಲ್ಲ ಎನ್ನುವವರನ್ನು ಕಂಡಿದ್ದೇನೆ. ಇಷ್ಟಾದರೂ 19ನೇ ನಮೂದುಗಳು ನಿಲ್ಲದಿದ್ದರೆ 1866ಕ್ಕೋ 1800ಕ್ಕೋ ಇಳಿಯುವುದೇ ದಾರಿ.

18ನೇ ಸಂಖ್ಯೆಯ ನಮೂದು, ಕ್ಯಾಶ್ ದೋಷವೆಂಬ ವಿವರಣೆಯೊಡನೆ, ಹಠಾತ್ ಮರುಚಾಲನೆಯ ಬಳಿಕ ಕಂಡರೆ ಪ್ರೊಸೆಸರ್ ಕೋರ್‌ಗಳ ಕಡೆ ತಿರುಗಬೇಕು. ಕರ್ವ್ ಆಪ್ಟಿಮೈಸರ್‌ನಲ್ಲಿ ಅತಿಯಾಗಿ ವೋಲ್ಟೇಜ್ ಕಡಿತಗೊಳಿಸಿದ ಕೋರ್, ಭಾರವಾದ ಪರೀಕ್ಷೆಯಲ್ಲಿ ಪಾಸಾಗಿ, ಕಂಪ್ಯೂಟರ್ ಸುಮ್ಮನಿರುವಾಗ ಕುಸಿಯುತ್ತದೆ.

ಬೂಟ್ ಆಗದಿದ್ದಾಗ

ಮೌಲ್ಯ ಬದಲಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದು ಬೋರ್ಡ್‌ನ ಡಿರ‍್ಯಾಮ್ (ಮೆಮೊರಿಯ ತೊಂದರೆ ಸೂಚಿಸುವ) ದೀಪ ಉರಿಯುತ್ತಿದ್ದರೆ ಗಾಬರಿಯಾಗುವ ಅಗತ್ಯವಿಲ್ಲ. ಪ್ರತಿ ಬೂಟ್‌ನಲ್ಲೂ ಕಂಟ್ರೋಲರ್ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಟ್ರೇನಿಂಗ್ ಎಂದು ಹೆಸರು. ಅದು ವಿಫಲವಾದರೆ ಬೋರ್ಡ್ ಒಂದೆರಡು ಸಲ ತಾನೇ ಪ್ರಯತ್ನಿಸಿ ಹಳೆಯ ಮೌಲ್ಯಗಳಿಗೆ ಮರಳುತ್ತದೆ. ಮರಳದಿದ್ದರೆ ವಿದ್ಯುತ್ ತಂತಿಯನ್ನು ಕಿತ್ತು, ಸಿಮಾಸ್ (ಬಯಾಸ್ ಮೌಲ್ಯಗಳ ನೆನಪು) ಅಳಿಸುವ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಜೋಡಿಸಬೇಕು, ಅಥವಾ ಸಿಆರ್2032 ಬ್ಯಾಟರಿಯನ್ನು ತೆಗೆದು ಕೆಲವು ನಿಮಿಷ ಬಿಡಬೇಕು.

ಕಷ್ಟವಾದದ್ದು ಇನ್ನೊಂದು ಬಗೆ: ಮರುಚಾಲನೆಯಲ್ಲಿ ಸರಿಯಾಗಿ ಬೂಟ್ ಆಗಿ, ರಾತ್ರಿಯಿಡೀ ಆರಿಸಿಟ್ಟು ಬೆಳಗ್ಗೆ ಹಾಕಿದರೆ ಆಗದಿರುವುದು. ಇಲ್ಲಿ ಟೈಮಿಂಗ್‌ಗಳು ಸರಿಯಿದ್ದು ಸಂಕೇತದ ಗುಣಮಟ್ಟ ಅಂಚಿನಲ್ಲಿರುತ್ತದೆ. ಪ್ರೊಕ್‌ಒಡಿಟಿ (ಪ್ರೊಸೆಸರ್ ತುದಿಯಲ್ಲಿ ಸಂಕೇತ ಪ್ರತಿಫಲಿಸದಂತೆ ತಡೆಯುವ ರೋಧ) ಮೌಲ್ಯವನ್ನು ಒಂದು ಹೆಜ್ಜೆ ಮೇಲೆ ಅಥವಾ ಕೆಳಗೆ ಬದಲಿಸುವುದು, ಗಿಯರ್‌ಡೌನ್ ಮೋಡ್ (ಆಜ್ಞೆಗಳನ್ನು ಅರ್ಧ ವೇಗದಲ್ಲಿ ತೆಗೆದುಕೊಳ್ಳುವ ಸ್ಥಿತಿ) ಆಫ್ ಮಾಡಿದ್ದರೆ ಮತ್ತೆ ಹಾಕುವುದು, ಇವೆರಡರಲ್ಲಿ ಬಹುತೇಕ ಪ್ರಕರಣಗಳು ಬಗೆಹರಿಯುತ್ತವೆ. ಗಿಯರ್‌ಡೌನ್ ಹಾಕಿದಾಗ ಬೆಸ ಸಂಖ್ಯೆಯ ಸಿಎಲ್ (ದತ್ತಾಂಶ ಕೇಳಿದ ಮೇಲೆ ಬರುವವರೆಗಿನ ಬಡಿತಗಳ ಎಣಿಕೆ) ಮೌಲ್ಯ ಮೇಲಿನ ಸಮ ಸಂಖ್ಯೆಗೆ ಹೋಗುತ್ತದೆ. ಬಯಾಸ್‌ನಲ್ಲಿ 15 ಎಂದು ಬರೆದು, ಓಡುತ್ತಿರುವುದು 16 ಎಂಬುದು ತಿಳಿಯದೆ ‘ಸಿಎಲ್ 15 ಸ್ಥಿರವಾಗಿದೆ’ ಎಂದು ಬೀಗುವುದೂ ಉಂಟು. ಝೆನ್‌ಟೈಮಿಂಗ್ಸ್ ತಂತ್ರಾಂಶ ತೆರೆದು ನಿಜವಾಗಿ ಜಾರಿಯಲ್ಲಿರುವ ಮೌಲ್ಯಗಳನ್ನು ಓದಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಟೈಮಿಂಗ್‌ಗಳ ವಿಚಾರಣೆ, ಮತ್ತು ಶಾಖ

ಫ್ಯಾಬ್ರಿಕ್, ಕೋರ್, ಬೂಟ್ ಮೂರೂ ಶುದ್ಧವೆಂದು ಖಚಿತವಾದ ಮೇಲೆ ಟೈಮಿಂಗ್‌ಗಳ ಸರದಿ. ಇಲ್ಲಿ ಟೆಸ್ಟ್‌ಮೆಮ್5 ನಂತಹ, ವಿಂಡೋಸ್ ಒಳಗೇ ಓಡುವ ಕಟ್ಟುನಿಟ್ಟಾದ ಪರೀಕ್ಷೆ ಬೇಕಾಗುತ್ತದೆ. ದೋಷ ಬಂತೇ ಇಲ್ಲವೇ ಎಂಬುದಷ್ಟೇ ಅಲ್ಲ, ಯಾವಾಗ ಬಂತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಮೊದಲ ನಿಮಿಷದಲ್ಲೇ ದೋಷಗಳ ಮಳೆ ಸುರಿದರೆ ಸಿಎಲ್, ಟಿಆರ್‌ಸಿಡಿ, ಟಿಆರ್‌ಪಿ ಈ ಮೂರು ಪ್ರಾಥಮಿಕ ಟೈಮಿಂಗ್‌ಗಳಲ್ಲೊಂದು ತೀರಾ ಬಿಗಿಯಾಗಿದೆ, ಇಲ್ಲವೇ ವೋಲ್ಟೇಜ್ ಸಾಲುತ್ತಿಲ್ಲ. ಅರ್ಧ ಗಂಟೆ ಸುಮ್ಮನಿದ್ದು ಒಂದೋ ಎರಡೋ ದೋಷ ಕಂಡರೆ ಮೊದಲು ಶಾಖವನ್ನು ಅನುಮಾನಿಸಬೇಕು.

ಇದನ್ನು ನಾನು ಕಲಿತದ್ದು ಕಲಬುರಗಿಯ ನಮ್ಮ ಮನೆಯಲ್ಲಿ. ಎರಡು 8 ಜಿಬಿ ಸ್ಟಿಕ್‌ಗಳ ಕಿಟ್, ಎಕ್ಸ್‌ಎಂಪಿಯಲ್ಲಿ 3600, ಟೈಮಿಂಗ್ 16-16-16-36, 1.35 ವೋಲ್ಟ್. ಅದನ್ನು ಜನವರಿ ತಿಂಗಳಲ್ಲಿ 3800ಕ್ಕೆ ಏರಿಸಿ, ಅದೇ ಪ್ರಾಥಮಿಕ ಟೈಮಿಂಗ್‌ಗಳನ್ನು ಉಳಿಸಿಕೊಂಡು, ವೋಲ್ಟೇಜ್ 1.42ಕ್ಕೆ, ಟಿಆರ್‌ಎಫ್‌ಸಿ ಎಂಬ ಇನ್ನೊಂದು ಟೈಮಿಂಗ್ ಅನ್ನು 266ಕ್ಕೆ ಇಟ್ಟೆ. ರಾತ್ರಿ ಹತ್ತರಿಂದ ಬೆಳಗಿನವರೆಗೆ ಓಡಿಸಿದ ಪರೀಕ್ಷೆಯಲ್ಲಿ ಒಂದೂ ದೋಷವಿರಲಿಲ್ಲ. ಮೂರು ತಿಂಗಳು ನಿಶ್ಚಿಂತೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಆಟವಾಡುವಾಗ ಮಾತ್ರ, ಸುಮಾರು ಮುಕ್ಕಾಲು ಗಂಟೆಯ ಬಳಿಕ, ಆಟ ಡೆಸ್ಕ್‌ಟಾಪ್‌ಗೆ ಬಂದು ಬೀಳತೊಡಗಿತು. ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಆಟವನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ. ರಾತ್ರಿ ಟೆಸ್ಟ್‌ಮೆಮ್5 ಓಡಿಸಿದರೆ ಎಲ್ಲ ಸರಿ. ಕೊನೆಗೆ ಮಧ್ಯಾಹ್ನ ಎರಡು ಗಂಟೆಗೆ, ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದ ಕೋಣೆಯಲ್ಲಿ, ಗ್ರಾಫಿಕ್ಸ್ ಕಾರ್ಡ್‌ಗೂ ಏಕಕಾಲದಲ್ಲಿ ಭಾರ ಹಾಕಿ ಮೆಮೊರಿ ಪರೀಕ್ಷೆ ಓಡಿಸಿದಾಗ ವಿಷಯ ಬಯಲಾಯಿತು. ಸ್ಟಿಕ್‌ನ ಸೆನ್ಸರ್ 52 ಡಿಗ್ರಿ ತೋರಿಸುವಾಗ ಮೊದಲ ದೋಷ ಬಂತು. ಜನವರಿಯ ರಾತ್ರಿ ಅದೇ ಸೆನ್ಸರ್ 38 ದಾಟಿರಲಿಲ್ಲ.

ಇದು ಏಕೆ ಹೀಗೆಂದು ತಿಳಿಯಲು ಮೆಮೊರಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ಡಿರ‍್ಯಾಮ್‌ನ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿಟ್ಟ ವಿದ್ಯುದಾವೇಶ. ತೂತುಬಿದ್ದ ಕೊಡದಿಂದ ನೀರು ಸೋರುವಂತೆ ಅದು ಸದಾ ಸೋರುತ್ತಿರುತ್ತದೆ. ಶಾಖ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಅದನ್ನು ಮತ್ತೆ ತುಂಬಲು ಪ್ರತಿ 64 ಮಿಲಿಸೆಕೆಂಡ್‌ನೊಳಗೆ 8192 ರಿಫ್ರೆಶ್ ಆಜ್ಞೆಗಳು, ಅಂದರೆ ಸುಮಾರು 7.8 ಮೈಕ್ರೊಸೆಕೆಂಡ್‌ಗೆ ಒಂದರಂತೆ, ಹೋಗುತ್ತವೆ. ಒಂದೊಂದು ರಿಫ್ರೆಶ್‌ಗೆ ಕೊಡುವ ಬಿಡುವೇ ಟಿಆರ್‌ಎಫ್‌ಸಿ. 8 ಗಿಗಾಬಿಟ್ ಚಿಪ್‌ಗೆ ಜೆಡೆಕ್ ಹೇಳುವ ಬಿಡುವು 350 ನ್ಯಾನೋಸೆಕೆಂಡ್. 3800 ವೇಗದಲ್ಲಿ ಗಡಿಯಾರ 1900 ಮೆಗಾಹರ್ಟ್ಸ್ ಆದ್ದರಿಂದ 266 ಎಂದರೆ 140 ನ್ಯಾನೋಸೆಕೆಂಡ್ ಮಾತ್ರ. ತಂಪಾಗಿದ್ದಾಗ ಅಷ್ಟರಲ್ಲೇ ಕೆಲಸ ಮುಗಿಸುತ್ತಿದ್ದ ಚಿಪ್, 50 ಡಿಗ್ರಿ ದಾಟಿದಾಗ ಪೂರ್ತಿ ತುಂಬಿಸಿಕೊಳ್ಳಲಾಗದೆ ಅಪರೂಪಕ್ಕೊಂದು ಬಿಟ್ ಕಳೆದುಕೊಳ್ಳುತ್ತಿತ್ತು. ಟಿಆರ್‌ಎಫ್‌ಸಿಯನ್ನು 304ಕ್ಕೆ, ಅಂದರೆ 160 ನ್ಯಾನೋಸೆಕೆಂಡ್‌ಗೆ ಸಡಿಲಿಸಿ, ಕ್ಯಾಬಿನೆಟ್‌ನ ಮುಂಭಾಗದ ಫ್ಯಾನ್‌ನ ವೇಗ ಹೆಚ್ಚಿಸಿದ ಮೇಲೆ ಅದೇ ಮಧ್ಯಾಹ್ನದ ಪರೀಕ್ಷೆ ಎರಡು ಸಲ ನಿರ್ದೋಷವಾಗಿ ಮುಗಿಯಿತು.

ಆ ಪ್ರಕರಣದಲ್ಲಿ ನಾನು ಮೊದಲು ಮಾಡಿದ ತಪ್ಪೆಂದರೆ ವೋಲ್ಟೇಜ್ ಹೆಚ್ಚಿಸಿದ್ದು. 1.42ರಿಂದ 1.46ಕ್ಕೆ ಏರಿಸಿದಾಗ ದೋಷ ಇನ್ನೂ ಬೇಗ ಬಂತು, ಏಕೆಂದರೆ ಸ್ಟಿಕ್ ಇನ್ನೂ ಬಿಸಿಯಾಯಿತು. ದೋಷ ಬಂದೊಡನೆ ವೋಲ್ಟೇಜ್ ಏರಿಸುವ ಅಭ್ಯಾಸ ಬಹಳ ಜನರಿಗಿದೆ. ಡಿಡಿಆರ್4 ಚಿಪ್‌ಗಳ ದತ್ತಾಂಶ ಪತ್ರಗಳಲ್ಲಿ ಎಂದೂ ಮೀರಬಾರದೆಂದು ಕೊಟ್ಟಿರುವ ಮಿತಿ 1.5 ವೋಲ್ಟ್; ಅದಕ್ಕಿಂತ ಕೆಳಗೇ ಇದ್ದರೂ, ಗಾಳಿಯ ವ್ಯವಸ್ಥೆ ಇಲ್ಲದ ಕ್ಯಾಬಿನೆಟ್‌ನಲ್ಲಿ ಹೆಚ್ಚಿನ ವೋಲ್ಟೇಜ್ ಎಂದರೆ ಹೆಚ್ಚಿನ ಶಾಖ, ಹೆಚ್ಚಿನ ಶಾಖವೆಂದರೆ ಹೆಚ್ಚಿನ ದೋಷ. ಕೆಲವು ಚಿಪ್‌ಗಳು ವೋಲ್ಟೇಜ್ ಹೆಚ್ಚಿಸಿದರೂ ಟಿಆರ್‌ಸಿಡಿಯಲ್ಲಿ ಒಂದಂಕಿಯನ್ನೂ ಬಿಟ್ಟುಕೊಡುವುದಿಲ್ಲ. ಅವುಗಳೊಡನೆ ಹಟ ಹಿಡಿಯದೆ ಟಿಆರ್‌ಸಿಡಿಯನ್ನೇ ಎರಡು ಅಂಕಿ ಸಡಿಲಿಸುವುದು ಜಾಣತನ.

ಸ್ಟಿಕ್‌ನಲ್ಲಿ ಸೆನ್ಸರ್ ಇಲ್ಲದಿದ್ದರೆ, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಒಂದು ಟೇಬಲ್ ಫ್ಯಾನ್ ಅನ್ನು ನೇರವಾಗಿ ಸ್ಟಿಕ್‌ಗಳ ಮೇಲೆ ಬೀಸುವಂತಿಟ್ಟು ಪರೀಕ್ಷೆಯನ್ನು ಮತ್ತೆ ಓಡಿಸಬಹುದು. ದೋಷ ಮಾಯವಾದರೆ ಶಾಖವೇ ಕಾರಣ. ಮಾಯವಾಗದಿದ್ದರೆ ಟೈಮಿಂಗ್‌ಗಳನ್ನು ಗುಂಪುಗುಂಪಾಗಿ ಎಕ್ಸ್‌ಎಂಪಿಯ ಮೌಲ್ಯಗಳಿಗೆ ಹಿಂದಿರುಗಿಸಬೇಕು: ಮೊದಲು ಟಿಆರ್‌ಎಫ್‌ಸಿ, ಬಳಿಕ ಮೆಮೊರಿಯ ಸಾಲುಗಳನ್ನು ತೆರೆಯುವುದಕ್ಕೆ ಸಂಬಂಧಿಸಿದ ಟಿಆರ್‌ಆರ್‌ಡಿ ಮತ್ತು ಟಿಎಫ್‌ಎಡಬ್ಲ್ಯು, ಅನಂತರ ಬರೆಯುವಿಕೆಗೆ ಸಂಬಂಧಿಸಿದ ಟಿಡಬ್ಲ್ಯುಆರ್ ಮತ್ತು ಟಿಡಬ್ಲ್ಯುಟಿಆರ್, ಕೊನೆಗೆ ಪ್ರಾಥಮಿಕ ಟೈಮಿಂಗ್‌ಗಳು. ಯಾವ ಗುಂಪನ್ನು ಸಡಿಲಿಸಿದಾಗ ದೋಷ ನಿಂತಿತೋ ಆ ಗುಂಪಿನೊಳಗೆ ಒಂದೊಂದನ್ನೇ ಮತ್ತೆ ಬಿಗಿಗೊಳಿಸುತ್ತಾ ಬಂದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ. ಹೀಗೆ ಬಿಗಿಗೊಳಿಸುವಾಗ ಒಂದೇ ಸಲಕ್ಕೆ ಎರಡು ಮೌಲ್ಯ ಬದಲಿಸಿದರೆ ಅಷ್ಟೂ ಹೊತ್ತಿನ ಪರೀಕ್ಷೆ ದಂಡ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು ಎಂದು ಯಾರಾದರೂ ಕೇಳಿದರೆ ಲೆಕ್ಕ ಸರಳವಾಗಿದೆ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ಮೆಮೊರಿಯ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡ್‌ಗಳಲ್ಲಿ ಬರುತ್ತದೆ: 3600ರಲ್ಲಿ ಸಿಎಲ್ 16 ಎಂದರೆ 8.89, 3800ರಲ್ಲಿ ಅದೇ 16 ಎಂದರೆ 8.42. ಅರ್ಧ ನ್ಯಾನೋಸೆಕೆಂಡ್‌ಗೂ ಕಡಿಮೆ. ಮೂರು ಶನಿವಾರಗಳನ್ನು ಅದಕ್ಕೆ ಕೊಡಬೇಕೇ ಎಂಬುದು ಅವರವರಿಗೆ ಬಿಟ್ಟದ್ದು, ನಾನಂತೂ ಕೊಟ್ಟೆ.

ಅಂತಿಮ ಪರೀಕ್ಷೆ

ಒಂದೇ ಪರೀಕ್ಷೆಯನ್ನು ನಂಬಬಾರದು. ಟೆಸ್ಟ್‌ಮೆಮ್5 ಮೆಮೊರಿ ಚಿಪ್‌ಗಳನ್ನು ಚೆನ್ನಾಗಿ ಶೋಧಿಸುತ್ತದೆ. ಪ್ರೈಮ್95ರ ಲಾರ್ಜ್ ಎಫ್‌ಎಫ್‌ಟಿ ಮತ್ತು ವೈ-ಕ್ರಂಚರ್ ಎಂಬ ಲೆಕ್ಕಾಚಾರದ ಪರೀಕ್ಷೆಗಳು ಕಂಟ್ರೋಲರ್ ಹಾಗೂ ಫ್ಯಾಬ್ರಿಕ್‌ಗೆ ಸರಿಯಾದ ಪೆಟ್ಟು ಕೊಡುತ್ತವೆ. ಇವೆಲ್ಲ ಮುಗಿದ ಮೇಲೆ, ದಿನದ ಅತಿ ಬಿಸಿಯಾದ ಹೊತ್ತಿನಲ್ಲಿ, ಗ್ರಾಫಿಕ್ಸ್ ಕಾರ್ಡ್‌ನ ಭಾರದೊಡನೆ ಇನ್ನೊಮ್ಮೆ ಮೆಮೊರಿ ಪರೀಕ್ಷೆ ಓಡಿಸಬೇಕು. ರಾತ್ರಿ ಆರಿಸಿ ಬೆಳಗ್ಗೆ ಹಾಕುವ ತಣ್ಣನೆಯ ಬೂಟ್ ಅನ್ನು ಕನಿಷ್ಠ ಮೂರ್ನಾಲ್ಕು ದಿನ ಗಮನಿಸಬೇಕು.

ಅಸ್ಥಿರವಾಗಿದ್ದ ದಿನಗಳಲ್ಲಿ ವಿಂಡೋಸ್‌ನ ಫೈಲ್‌ಗಳು ಕೆಟ್ಟಿರುವ ಸಾಧ್ಯತೆ ಇರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಸ್ಮ್, ಅನಂತರ ಎಸ್‌ಎಫ್‌ಸಿ ಆಜ್ಞೆಗಳನ್ನು ಕೊಟ್ಟು ರಿಪೇರಿ ಮಾಡಿಸಬೇಕು. ಇಲ್ಲದಿದ್ದರೆ ಮೆಮೊರಿ ಸರಿಹೋದ ಮೇಲೂ ಹಳೆಯ ಗಾಯದಿಂದ ನೀಲಿ ಪರದೆ ಬಂದು, ಸರಿಯಾದ ಮೌಲ್ಯಗಳನ್ನೇ ಮತ್ತೆ ಅನುಮಾನಿಸುವಂತಾಗುತ್ತದೆ.

ಕೊನೆಯದಾಗಿ, ಬಯಾಸ್‌ನಲ್ಲಿ ಉಳಿಸಿದ ಪ್ರೊಫೈಲ್‌ಗಳು ಬಯಾಸ್ ಅಪ್‌ಡೇಟ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಉಳಿದರೂ ಹೊಸ ಆವೃತ್ತಿಗೆ ಹೊಂದುವುದಿಲ್ಲ. ಝೆನ್‌ಟೈಮಿಂಗ್ಸ್‌ನ ಸ್ಕ್ರೀನ್‌ಶಾಟ್ ಅನ್ನು ಫೋನ್‌ಗೆ ಕಳಿಸಿಟ್ಟುಕೊಳ್ಳಬಹುದು. ನನ್ನ ಕಂಪ್ಯೂಟರ್‌ನ ಅಂಕಿಗಳು ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿವೆ. ಅದರಲ್ಲಿ 266 ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 304 ಎಂದೂ, ‘ಏಪ್ರಿಲ್, ಮಧ್ಯಾಹ್ನ 2’ ಎಂದೂ ಬರೆದಿದೆ.